ಹಿಂದಕ್ಕೆ ತಿರುಗಿ ಕೂತ ಹಸಿರು ಕೋಟಿನವಳು

ನಮ್ಮನೆ ಫ್ರೀಜರ್‌ನಲ್ಲಿ ಒಂದು ಐಸ್‌ಕ್ರೀಂ ಡಬ್ಬಿ ಇಡೋಕೂ ಜಾಗ ಇಲ್ಲ. ಕುದುರೆಗಳಿವೆ, ಫಿರಂಗಿಗಳಿವೆ, ತಲೆ ಇಲ್ಲದ ಸಿಪಾಯಿಗಳಿದ್ದಾರೆ. ಎಲ್ಲ ಹೆಬ್ಬೆರಳಿನಷ್ಟು ಎತ್ತರದ ಲೋಹದ ಬೊಂಬೆಗಳು. ಬಟಾಣಿ ಅಂತ ಕೈ ಹಾಕಿದರೆ ಯಾರದೋ ಈಟಿ ಚುಚ್ಚುತ್ತೆ. "ಇದೇನು ಅಡುಗೆಮನೆಯೋ ರಣರಂಗವೋ?" ಅಂತ ನಾನು ಕೂಗಾಡಿದರೆ ಅಕ್ಕ ಕನ್ನಡಕದ ಮೇಲಿಂದ ನೋಡಿ, "ಬಾಗಿಲು ಹಾಕೇ, ತಂಪು ಹೋಗುತ್ತೆ" ಅಂತಾಳೆ. ಅಷ್ಟೇ. ಅವಳ ಹತ್ತಿರ ಜಗಳ ಆಡೋಕೂ ಪುಣ್ಯ ಮಾಡಿರಬೇಕು.

ಅಕ್ಕ ನಿವೃತ್ತಿ ಆಗೋ ತನಕ ಹಲ್ಲು ಕಟ್ಟೋ ಕೆಲಸದಲ್ಲಿದ್ದಳು. ಡಾಕ್ಟರು ಮುಂದಿನ ಕೋಣೆಯಲ್ಲಿ ಬಾಯಿ ನೋಡಿದರೆ, ಇವಳು ಹಿಂದಿನ ಕೋಣೆಯಲ್ಲಿ ದೀಪದ ಕೆಳಗೆ ಕೂತು ಅಚ್ಚು ಹಿಡಿದು ಹಲ್ಲು ಮಾಡೋಳು. ಆ ಜನರ ಮುಖ ಇವಳಿಗೆ ಗೊತ್ತಿಲ್ಲ, ಬಾಯಿ ಮಾತ್ರ ಗೊತ್ತು. ಈಗಲೂ ರಸ್ತೆಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ನನ್ನ ಮೊಣಕೈ ತಿವಿದು, "ಮೇಲಿನ ಎರಡು ನಂದು" ಅಂತಾಳೆ. ತಪ್ಪಾಗಿ ಅಂಟಿದ ಹಲ್ಲನ್ನು ಪಕ್ಕದ್ದಕ್ಕೆ ನೋವಾಗದ ಹಾಗೆ ಬಿಡಿಸೋದರಲ್ಲಿ ಅವಳದು ಎತ್ತಿದ ಕೈ. ಅದು ಹೇಗೋ ಬೊಂಬೆ ಅಂಗಡಿಯವರ ಕಿವಿಗೆ ಬಿತ್ತು. ಅವರ ಗಿರಾಕಿಗಳು ಬಿಡಿಭಾಗ ತಂದು ಮನೆಯಲ್ಲಿ ತಾವೇ ಜೋಡಿಸಿ ಬಣ್ಣ ಹಚ್ಚೋ ಜನ. ಆತುರದಲ್ಲಿ ಎಡಗೈ ಜಾಗಕ್ಕೆ ಬಲಗೈ ಅಂಟಿಸಿಕೊಂಡು ಕೂತಿರ್ತಾರೆ. ಅವರನ್ನೆಲ್ಲ ಅಂಗಡಿಯವರು ಅಕ್ಕನ ಹತ್ತಿರ ಅಟ್ಟೋಕೆ ಶುರು ಮಾಡಿದರು.

ನಾನು ಟೈಲರ್. ಹೊಲಿಗೆ ತಪ್ಪಿದರೆ ಬ್ಲೇಡು ಹಾಕಿ ಸರ್ರನೆ ಬಿಚ್ಚಿ ಎಸೆಯೋ ಜಾತಿ. ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ನಮ್ಮಮ್ಮ ಹೇಳ್ತಿದ್ದಳು, ಸುಳ್ಳೇನಲ್ಲ.

ಒಂದು ಮಂಗಳವಾರ ಬಸ್ ಡ್ರೈವರ್ ಒಬ್ಬ ಬಂದ. ಖಾಕಿ ಅಂಗಿ, ಕೈಯಲ್ಲಿ ಊಟದ ಡಬ್ಬಿ. ಡಬ್ಬಿ ತೆರೆದರೆ ಹತ್ತಿ, ಹತ್ತಿಯೊಳಗೆ ಪುಟ್ಟ ಲೋಹದ ಸ್ಕೂಟರ್. ಮುಂದೆ ನೀಲಿ ಟೋಪಿಯ ಗಂಡಸು. ಹಿಂದಿನ ಸೀಟಿನಲ್ಲಿ ಹಸಿರು ಕೋಟು ಹಾಕಿದ ಹೆಂಗಸು. ಆದರೆ ಅವಳು ಕೂತಿದ್ದು ಹಿಂದಕ್ಕೆ ಮುಖ ಮಾಡಿ. ಗಂಡನ ಹೆಗಲ ಮೇಲಿರಬೇಕಾದ ಕೈ ಗಾಳಿಯಲ್ಲಿ ಚಾಚಿಕೊಂಡಿತ್ತು.

"ಗಂಡ ಆ ಕಡೆ, ಹೆಂಡ್ತಿ ಈ ಕಡೆ. ಎಲ್ಲರ ಮನೇಲೂ ಇದ್ದದ್ದೇ ಬಿಡಪ್ಪ," ಅಂದೆ.

ಅವನು ನಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಕೈಬೆರಳು ನೋಡಿಕೊಳ್ಳುತ್ತಾ ಹೇಳಿದ. ಬೊಂಬೆಗೆ ಬಣ್ಣ ಹಾಕಿದ್ದು ಅವನ ಹೆಂಡತಿ. ಮದುವೆಯಾದ ಹೊಸತರಲ್ಲಿ ಇವರ ಹತ್ತಿರ ಇಂಥದ್ದೇ ಸ್ಕೂಟರ್ ಇತ್ತಂತೆ. ಉಳಿದ ಬೊಂಬೆಗಳನ್ನೆಲ್ಲ ಅವರಿವರಿಗೆ ಕೊಟ್ಟವಳು ಇದೊಂದನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಈಗ ಅವಳಿಗೆ ಲಕ್ವ ಹೊಡೆದು ಆಸ್ಪತ್ರೆಯಲ್ಲಿದ್ದಾಳೆ. ಬಲಗೈ ಬಿದ್ದುಹೋಗಿದೆ, ಮಾತೂ ನಿಂತಿದೆ.

"ಶನಿವಾರ ಮನೆಗೆ ಕರ್ಕೊಂಡು ಬರ್ತೀನಿ ಅಕ್ಕ. ಅದಕ್ಕೇ ಮನೆ ಒರೆಸ್ತಾ ಇದ್ದೆ. ಕೈ ತಾಗಿ ಇದು ಕೆಳಗೆ ಬಿತ್ತು, ಈ ಹಸಿರು ಕೋಟಿನವಳು ಸೀಟಿಂದ ಕಿತ್ಕೊಂಡು ಬಂದಳು. ಗಾಬರಿಯಾಗಿ ಕನ್ನಡಕಾನೂ ಹಾಕ್ಕೊಳ್ಳದೆ ಅಂಟು ಹಾಕಿ ಒತ್ತಿಬಿಟ್ಟೆ. ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಹಿಡ್ಕೊಳ್ಳೋ ಅಂಟು. ಆಮೇಲೆ ಕನ್ನಡಕ ಹಾಕ್ಕೊಂಡು ನೋಡಿದ್ರೆ ಹೀಗೆ."

ಅಕ್ಕ ಭೂತಗನ್ನಡಿ ಹಿಡಿದು ನೋಡಿದಳು. "ಕೋಟಿನ ಅಂಚಲ್ಲಿ ಬಣ್ಣ ಹೋಗಿದೆಯಲ್ಲ. ಏನು ಹಾಕಿದ್ರಿ?"

"ಉಗುರಿನ ಬಣ್ಣ ತೆಗೀತಾರಲ್ಲ, ಅದು. ಅಂಟು ಕರಗುತ್ತೆ ಅಂದ್ರು."

"ಕರಗುತ್ತೆ. ಜೊತೆಗೆ ಬಣ್ಣಾನೂ ಕರಗುತ್ತೆ."

"ಒಂದು ಹನಿ ಹಾಕಿ ಹೆದರಿ ಬಿಟ್ಟೆ." ಅವನು ಡಬ್ಬಿಯೊಳಗಿನ ಹತ್ತಿ ಸರಿಮಾಡಿದ. "ಇನ್ಮೇಲೆ ಅವಳು ಬ್ರಷ್ ಹಿಡಿಯೋದು ಅನುಮಾನ ಅಂದಿದ್ದಾರೆ ಡಾಕ್ಟ್ರು. ಅವಳ ಕೈಯಿಂದ ಆಗಿದ್ದು ಅಂತ ಮನೇಲಿ ಉಳಿದಿರೋದು ಇದೊಂದೇ. ಇದನ್ನೂ ಹಾಳು ಮಾಡಿದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

ನಾನು ಆಡಿದ ಹಾಸ್ಯ ನೆನೆದು ನಾಲಗೆ ಕಚ್ಚಿಕೊಂಡೆ. ಒಳಗೆ ಹೋಗಿ ಟೀ ಮಾಡಿ ತಂದುಕೊಟ್ಟೆ, ಬೇರೇನು ಮಾಡೋದು.

ಅಕ್ಕ ಬೊಂಬೆಯನ್ನು ಒಣಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಬಿಗಿ ಇರೋ ಡಬ್ಬಿಯಲ್ಲಿಟ್ಟು ಫ್ರೀಜರ್‌ಗೆ ಸೇರಿಸಿದಳು. ಈ ಅಂಟಿನ ಗುಣ ಅವಳಿಗೆ ಗೊತ್ತು. ಎಳೆದರೆ ಜಗ್ಗಲ್ಲ, ಚಳಿಗೆ ಮಾತ್ರ ಹಪ್ಪಳದ ಹಾಗೆ ಗರಿಗರಿಯಾಗುತ್ತೆ. ಆಗ ಸ್ವಲ್ಪ ತಿರುಚಿದರೆ ಸಾಕು, ಪಟ್ಟನೆ ಬಿಡುತ್ತೆ. ಬಣ್ಣಕ್ಕೆ ಏನೂ ಆಗಲ್ಲ. ಬಿಸಿ ಮಾಡೋ ಹಾಗಿಲ್ಲ, ಈ ಲೋಹ ಮೆದು, ಬೆಂಕಿ ಹತ್ತಿರ ಹಿಡಿದರೆ ಮೂಗು ಕಣ್ಣೆಲ್ಲ ಒಂದಾಗಿ ಹೋಗುತ್ತೆ.

ಬುಧವಾರ ಬೆಳಿಗ್ಗೆ ತೆಗೆದಳು. ಸ್ಕೂಟರನ್ನು ಬಟ್ಟೆಯಲ್ಲಿ ಹಿಡಿದು, ಹೆಂಗಸಿನ ಸೊಂಟಕ್ಕೆ ಎರಡು ಬೆರಳು ಕೊಟ್ಟು ಒಂದೇ ಒಂದು ಸಲ ತಿರುಚಿದಳು. ಬರಲಿಲ್ಲ. ಬೊಂಬೆಯ ಅಡಿಯಲ್ಲಿ ದುಂಡನೆಯ ಮೊಳೆಯಿದೆ, ಅದು ಸೀಟಿನ ತೂತಿನೊಳಗೆ ಕೂರುತ್ತೆ. ಗಾಬರಿಯಲ್ಲಿ ಸುರಿದ ಅಂಟು ಆ ತೂತಿನ ತಳದವರೆಗೂ ಇಳಿದಿತ್ತು. ಅಕ್ಕ ಎರಡನೇ ಸಲ ಪ್ರಯತ್ನ ಮಾಡದೆ ಡಬ್ಬಿಯನ್ನು ವಾಪಸ್ ಒಳಗಿಟ್ಟಳು.

"ಇನ್ನೊಂಚೂರು ಜೋರಾಗಿ ತಿರುಗಿಸಬಾರದಾ?" ಅಂದೆ.

"ಹಲ್ಲಿನ ಬದಲು ದವಡೆನೇ ಬಂದರೆ?" ಅಂದಳು.

ಡ್ರೈವರ್ ದಿನಾ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಒಳಗೆ ಬಾರಪ್ಪ ಅಂದರೂ ಬರ್ತಿರಲಿಲ್ಲ. ಗುರುವಾರವೂ ಆಗಲಿಲ್ಲ. ಅವನ ಮುಖ ನೋಡೋಕಾಗದೆ ನಾನು ಹೊಲಿಗೆ ಮಿಷನ್ ಜೋರಾಗಿ ತುಳಿದೆ.

ಶುಕ್ರವಾರ ಮಧ್ಯಾಹ್ನ ಅಕ್ಕ ಡಬ್ಬಿ ತೆಗೆದು, ಕಿಟಕಿ ಪಕ್ಕ ಕೂತು, ಮೂಗಿನಲ್ಲಿ ಉಸಿರು ಬಿಡುತ್ತಾ ಬೊಂಬೆಯ ಸೊಂಟ ಹಿಡಿದಳು. ನನಗೆ ಮಿಷನ್ ನಿಲ್ಲಿಸು ಅಂತ ಕಣ್ಣಲ್ಲೇ ಹೇಳಿದಳು. ಟಿಕ್ ಅಂತ ಒಂದು ಸದ್ದು. ಹಸಿರು ಕೋಟಿನವಳು ಅಕ್ಕನ ಬೆರಳಲ್ಲಿದ್ದಳು. ಕೈ ನೆಟ್ಟಗಿತ್ತು, ಮುಖದ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ. ನನಗೆ ಗೊತ್ತಿಲ್ಲದೆ ನನ್ನ ಕಣ್ಣು ತುಂಬಿತ್ತು. ಹೋದ ಜೀವ ಬಂದ ಹಾಗಾಯಿತು.

ಮೊಳೆಗೆ ಅಂಟಿದ್ದ ಹಳೇ ಅಂಟನ್ನು ಅಕ್ಕ ಸಣ್ಣ ಬ್ಲೇಡಿನಿಂದ ಕೆರೆದಳು, ತೂತನ್ನು ಹಲ್ಲುಕಡ್ಡಿಯಿಂದ ಚೊಕ್ಕ ಮಾಡಿದಳು. ಉಳಿದಿದ್ದು ಕೋಟಿನ ಅಂಚಿನ ಬೋಳು ಜಾಗ. ಬಣ್ಣದ ವಿಷಯದಲ್ಲಿ ನನ್ನ ಕಣ್ಣು ಮೋಸ ಹೋಗಲ್ಲ. "ಅಂಗಡಿಯಿಂದ ಹಸಿರು ತರ್ತೀನಿ, ಕೂದಲೆಳೆಯಷ್ಟೂ ವ್ಯತ್ಯಾಸ ಗೊತ್ತಾಗದ ಹಾಗೆ ಮುಚ್ಚಿಕೊಡ್ತೀನಿ" ಅಂದೆ.

"ಬೇಡ," ಅಂದಳು ಅಕ್ಕ.

ಸಂಜೆ ಡ್ರೈವರ್ ಬಂದ. ನೋಡಿ ಕೈ ಮುಗಿದ. ಆಮೇಲೆ ಅವನ ಕಣ್ಣು ಅಂಚಿನ ಮೇಲೆ ಹೋಯಿತು. "ಇದೊಂದು ಮುಚ್ಚಿಬಿಟ್ಟಿದ್ರೆ... ಅವಳಿಗೆ ಗೊತ್ತಾಗಿಬಿಡುತ್ತೆ ಅಕ್ಕ."

"ಗೊತ್ತಾಗಲಿ. ನೀವೇ ಹೇಳಿ. ಇಷ್ಟು ವರ್ಷ ಬಾಳಿದವರು, ಬೊಂಬೆ ಬಿತ್ತು ಅಂತ ಹೇಳೋಕೆ ಹೆದರ್ತೀರಾ? ಈಗ ಇದಕ್ಕೆ ಅಂಟೂ ಹಾಕಿಲ್ಲ. ಹಲ್ಲಿನ ಕೆಲಸದ ಮೇಣ ಒಂದು ಚೂರು ಇಟ್ಟಿದ್ದೀನಿ. ಬಿಟ್ಟರೆ ಕೂತಿರುತ್ತೆ, ಎತ್ತಿದರೆ ಬರುತ್ತೆ. ಬಣ್ಣ ಹಾಕಬೇಕಾದ್ರೆ ಕೈಯಲ್ಲಿ ಹಿಡ್ಕೋಬೇಕಲ್ಲ."

"ಯಾರು ಹಾಕ್ತಾರೆ? ಅವಳ ಕೈ..."

"ಇನ್ನೊಂದು ಕೈ ಇದೆಯಲ್ಲ," ಅಂದಳು ಅಕ್ಕ.

ಅವನು ಸಪ್ಪೆ ಮುಖ ಮಾಡಿಕೊಂಡು ಡಬ್ಬಿ ತಗೊಂಡು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು. "ನಿನಗೆ ಕರುಳು ಅನ್ನೋದು ಇದೆಯಾ? ಎರಡು ಹನಿ ಬಣ್ಣ ಹಚ್ಚಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮೊದಲೇ ನೊಂದಿರೋ ಮನುಷ್ಯ," ಅಂತ ಬಾಯಿಗೆ ಬಂದ ಹಾಗೆ ಬೈದೆ. ಊಟಕ್ಕೆ ಕೂತ ಅಕ್ಕ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಟ್ಟಳು. ಆಗ ಗೊತ್ತಾಯಿತು, ತಾನು ಮಾಡಿದ್ದು ಸರಿ ಅನ್ನೋ ಧೈರ್ಯ ಅವಳಿಗೂ ಇರಲಿಲ್ಲ ಅಂತ.

ಮುಂದಿನ ವಾರ ಡ್ರೈವರ್ ಬಂದಾಗ ಬಾಗಿಲಲ್ಲಿ ನಿಲ್ಲದೆ ನೇರ ಒಳಗೇ ಬಂದ. ಹೆಂಡತಿಗೆ ಎಲ್ಲ ಹೇಳಿದನಂತೆ. ಬಿದ್ದಿದ್ದು, ಹಿಂದು ಮುಂದಾಗಿ ಅಂಟಿಸಿದ್ದು, ನಮ್ಮ ಬಟಾಣಿ ಪಕ್ಕ ಮೂರು ದಿನ ಇದ್ದಿದ್ದು, ಎಲ್ಲ. ಅವಳು ಬೊಂಬೆಯನ್ನೇ ನೋಡುತ್ತಾ ಕೇಳಿ, ಕೊನೆಗೆ ಅರ್ಧ ಬಾಯಲ್ಲೇ ನಕ್ಕಳಂತೆ. ಎಡಗೈಯಿಂದ ಹಸಿರು ಕೋಟಿನವಳನ್ನು ಎತ್ತಿ, ಹಿಂದಕ್ಕೆ ತಿರುಗಿಸಿ ಕೂರಿಸಿ, ಇವನ ಕಡೆ ಬೆರಳು ತೋರಿಸಿದಳಂತೆ.

"ಅವತ್ತಿಂದ ಶುರುವಾಯ್ತು ನೋಡಿ," ಅಂದ. "ಬಸ್ಸು ತಡವಾಗಿ ನಾನು ಹೊತ್ತುಮೀರಿ ಮನೆಗೆ ಹೋದ್ರೆ ಸ್ಕೂಟರ್ ಮೇಲಿನವಳು ಹಿಂದೆ ತಿರುಗಿ ಕೂತಿರ್ತಾಳೆ. ಮಾತ್ರೆ ಕೊಡೋದು ಮರೆತ್ರೆ ಹಿಂದೆ ತಿರುಗಿ ಕೂತಿರ್ತಾಳೆ. ಮಾತಿಲ್ಲ ಅಂತ ಹೆಸರಿಗಷ್ಟೆ ಅಕ್ಕ, ಬೈಗುಳ ಪೂರ್ತಿ ಬರುತ್ತೆ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ತಾನೇ?" ಅಂದೆ.

"ಹೂಂ. ಮಲಗೋಕೆ ಮುಂಚೆ ಸರಿಯಾಗಿ ತಿರುಗಿಸಿಡ್ತಾಳೆ. ಕೈ ನನ್ನ ಹೆಗಲ ಮೇಲೇ ಇರುತ್ತೆ." ಇದನ್ನು ಹೇಳುವಾಗ ಆ ಮನುಷ್ಯ ನಾಚಿಕೊಂಡು ನೆಲ ನೋಡಿದ.

ಕೋಟಿನ ಅಂಚು ಹಾಗೇ ಬೋಳಾಗಿತ್ತು. ಬ್ರಷ್ ಮುಟ್ಟೋಕೆ ಅವಳಿಗೆ ಮನಸ್ಸಾಗಿರಲಿಲ್ಲ. ಅಕ್ಕ ಅದನ್ನು ಕೇಳಿ ತಲೆಯಾಡಿಸಿದಳು. ಅವನು ಬಂದಾಗೆಲ್ಲ ಮೇಣದ ಸಣ್ಣ ಉಂಡೆ ಕೊಟ್ಟು ಕಳಿಸ್ತಿದ್ದಳು. ದಿನಾ ಎತ್ತಿ ಇಳಿಸಿ ಮಾಡಿದರೆ ಮೇಣ ಸವೆಯುತ್ತೆ, ಆ ಮನೆಯಲ್ಲಂತೂ ಬೇಗ ಸವೆಯುತ್ತಿತ್ತು.

ಹೀಗೆ ಬಹಳ ದಿನ ಕಳೆದ ಮೇಲೆ, ನಿನ್ನೆ ಬೆಳಿಗ್ಗೆ, ನಾವಿನ್ನೂ ಕಾಫಿ ಕುಡಿಯುವಾಗಲೇ ಬಾಗಿಲು ಬಡಿದ. ಅಂಗಿ ಗುಂಡಿ ಮೇಲೆ ಕೆಳಗಾಗಿತ್ತು, ಓಡಿ ಬಂದ ಏದುಸಿರು ಬೇರೆ.

"ಅಕ್ಕ, ಅವಳಿಗೆ ನನ್ನ ಮೇಲೆ ಸಿಕ್ಕಾಪಟ್ಟೆ ಕೋಪ ಬಂದಿದೆ," ಅಂದ, ಕಿವಿಯಿಂದ ಕಿವಿಗೆ ನಗುತ್ತಾ.

"ಅದಕ್ಕೆ ಹಲ್ಲು ಕಿರೀತಿದ್ದೀಯಲ್ಲಪ್ಪ, ತಲೆ ಸರಿಯಿದೆಯಾ?" ಅಂದೆ.

"ಬಲಗೈಯಲ್ಲಿ ತಿರುಗಿಸಿದಳು." ಅವನು ಎರಡು ಬೆರಳು ಜೋಡಿಸಿ ತೋರಿಸಿದ. "ನಾನು ಎದುರಿಗೇ ಇದ್ದೆ. ಎಡಗೈಯಲ್ಲಿ ಚಮಚ ಇತ್ತು, ಕೋಪದಲ್ಲಿ ಅದನ್ನ ಇಡೋದೇ ಮರೆತಳು. ಬಲಗೈ ತಾನಾಗಿ ಹೋಯ್ತು. ಹಿಡಿದು, ಎತ್ತಿ, ತಿರುಗಿಸಿ ಕೂರಿಸಿದಳು. ಆಮೇಲೆ ತನ್ನ ಕೈಯನ್ನ ತಾನೇ ನೋಡ್ತಾ ಕೂತುಬಿಟ್ಟಳು."

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸೋಕೆ ಅದರಲ್ಲೇನೂ ಇರಲಿಲ್ಲ.

"ಅಷ್ಟು ಕೋಪ ಬರೋ ಹಾಗೆ ಏನು ಮಾಡಿದ್ರಿ?" ಅಂತ ಕೇಳಿದಳು.

"ಗಂಜಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದೆ."

"ನಾಳೆನೂ ಹಾಕಿ," ಅಂದಳು ಅಕ್ಕ.