ಜೋನ್ ಅವರ ಎಣ್ಣೆಯೂರು, ನನ್ನ ಎಣ್ಣೆಯೂರು

ನಿಧಿ, ಆರವ್,

ಮೆಲ್ಬರ್ನಿಗೆ ಬಂದ ಮೊದಲ ಬೆಳಿಗ್ಗೆ, ಬೀದಿಯ ಕೊನೆಯಲ್ಲಿ ಮನೆಗಿಂತ ಎತ್ತರದ ಬಿಳಿ ಡ್ರಮ್ಮುಗಳ ಸಾಲು ಕಂಡು ಬೆಚ್ಚಿದೆ. "ಆಯಿಲ್ ಟ್ಯಾಂಕ್ ಅಮ್ಮ," ಎಂದ ನಿಮ್ಮಪ್ಪ. ಇಷ್ಟು ಎಣ್ಣೆಯಲ್ಲಿ ಎಷ್ಟು ಊರಿನವರು ಒಗ್ಗರಣೆ ಹಾಕುತ್ತಾರೋ ಎಂದುಕೊಂಡೆ.

ಅಜ್ಜ ತೀರಿಕೊಂಡ ಮೇಲೆ ನಾನು ಮೊದಲು ಬಂದದ್ದು ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಎಂಬ ಹೊಸ ಬಡಾವಣೆಗೆ. ಅಲ್ಲಿ ನನಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಮನೆ, ಮರ, ರಸ್ತೆ ಎಲ್ಲ ಹೊಸವು. ಹಳೆಯ ಕಥೆ ಯಾರ ಬಳಿಯೂ ಇರಲಿಲ್ಲ. ಇಲ್ಲಿ ಮೆಲ್ಬರ್ನಿನಲ್ಲಿ, ಪಕ್ಕದ ಮನೆಯಲ್ಲಿ, ಇಲ್ಲೇ ಹುಟ್ಟಿ ಬೆಳೆದ ಜೋನ್ ಇದ್ದಾರೆ. ನಿಮ್ಮ ಸ್ಕೂಲ್ ಪ್ರಾಜೆಕ್ಟಿಗೆ ಅವರೇ ಗುರು. ನಾವಿರುವ ಈ ಬಡಾವಣೆ ಹಿಂದೆ ಬೇರೆಯೇ ಊರಂತೆ. ರೈಲು ರಿಪೇರಿಯ ಶೆಡ್ಡಿನಿಂದ ಹುಟ್ಟಿ, ಎಣ್ಣೆಯಿಂದ ಬೆಳೆದು, ಕೊನೆಗೆ ಮೆಲ್ಬರ್ನಿನ ಹೊಟ್ಟೆ ಸೇರಿತಂತೆ. ನೀವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಿರಿ. ನಾನು ಕಥೆ ಹೇಳಹೋದರೆ "ಲೇಟರ್, ಅಜ್ಜಿ" ಎನ್ನುತ್ತಿದ್ದಿರಿ.

ಒಂದು ದಿನ ಜೋನ್ ಜೊತೆ ಟೀ ಕುಡಿಯುವಾಗ ಧೈರ್ಯ ಮಾಡಿದೆ. "ನಿಧಿ, ಎಣ್ಣೆ ತೆಗೆದ ಮೇಲೆ ಹಿಂಡೀನ ಹಸುಗಳಿಗೆ ಹಾಕ್ತಿದ್ರಾ, ಕೇಳು."

ನಿಧಿ, ಹಿಂಡಿಯನ್ನು ನೀನು ಹಿಂದಿ ಎಂದುಕೊಂಡೆ. ಇಲ್ಲಿನ ಹಸುಗಳು ಹಿಂದಿ ತಿನ್ನುತ್ತಿದ್ದವಾ ಎಂದು ಅವರನ್ನು ನೀನು ಕೇಳಿಬಿಟ್ಟೆ. ಜೋನ್ ಕಪ್ಪು ಕೆಳಗಿಟ್ಟು, ನಮ್ಮ ಹಸುಗಳಿಗೆ ಇಂಗ್ಲಿಷೇ ಸರಿಯಾಗಿ ಬರುತ್ತಿರಲಿಲ್ಲ ಎಂದರು. ಆರವ್ ಬಿದ್ದು ಬಿದ್ದು ನಕ್ಕ. "ಅಜ್ಜಿ, ದಟ್ಸ್ ಪೆಟ್ರೋಲ್. ಯು ಕಾಂಟ್ ಫ್ರೈ ಪೂರಿ ಇನ್ ಇಟ್."

ನಾನೂ ನಕ್ಕು ಒಳಗೆ ಹೋದೆ. ನಲ್ಲಿ ಬಿಟ್ಟು, ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಹಿಂಡಿ ಎಂದರೆ ಶೇಂಗಾದಿಂದ ಎಣ್ಣೆ ಹಿಂಡಿದ ಮೇಲೆ ಉಳಿಯುವ ಗಟ್ಟಿ ಚರಟ. ದಾವಣಗೆರೆ ಮಗ್ಗುಲಿನ ನನ್ನ ಗಾಣದಹಳ್ಳಿಯೂ ಎಣ್ಣೆಯ ಊರೇ, ರೈಲಿನ ಊರೇ. ಮೊದಲು ಎತ್ತಿನ ಗಾಣ, ಸ್ಟೇಷನ್ ಬಂದ ಮೇಲೆ ಮಿಲ್ಲು. ನನ್ನಪ್ಪ ಗೂಡ್ಸ್ ಗಾಡಿಗೆ ಎಣ್ಣೆಡಬ್ಬ ಏರಿಸುತ್ತಿದ್ದ. ಅವನ ಅಂಗಿ ಒಗೆದ ನೀರಿನಲ್ಲಿ ಜಿಡ್ಡು ತೇಲುತ್ತಿತ್ತು. ಬಿಸಿ ಹಿಂಡಿಯ ಚೂರನ್ನು ಬೆಲ್ಲದೊಂದಿಗೆ ನಾನೇ ತಿಂದಿದ್ದೇನೆ. ಆಮೇಲೆ ದಾವಣಗೆರೆ ಬೆಳೆಯುತ್ತ ಬಂತು. ಮಿಲ್ಲು ಒಡೆದು ಸೈಟು ಮಾಡಿದರು. ರೈಲು ನಿಲ್ಲುವುದು ಬಿಟ್ಟಿತು. ಊರಿಗೆ ಈಗ ವಾರ್ಡ್ ನಂಬರು.

ಜೋನ್ ಅವರ ಊರಿನ ಫೋಟೋಗಳು ಲೈಬ್ರರಿಯಲ್ಲಿ ಗಾಜಿನ ಹಿಂದಿವೆ. ನನ್ನೂರಿನದು ಒಂದೂ ಇಲ್ಲ. ಟೀ ಕುಡಿದ ಮರುದಿನ ಜೋನ್ ಬೇಲಿಯಾಚೆಯಿಂದ, ಹಿಂಡಿ ಎಂದರೇನೆಂದು ಪ್ರೀತಿಯಿಂದಲೇ ಕೇಳಿದರು. ಇಂಗ್ಲಿಷ್ ಅರ್ಥವಾಗದವಳಂತೆ ತಲೆಯಾಡಿಸಿದೆ. ಅರ್ಥವಾಗಿತ್ತು. ಮೊದಲು ನೀವಿಬ್ಬರು ಕೇಳಬೇಕಿತ್ತು.

ದಾವಣಗೆರೆಗೆ ಹೋದರೆ ನನ್ನೂರನ್ನು ಆಟೋದವನಿಗೆ ತೋರಿಸಲಾರೆ. ಇಲ್ಲಿ ಯಾರಾದರೂ ಎಲ್ಲಿಯವರೆಂದು ಕೇಳಿದರೆ ಇನ್ನೊಬ್ಬರ ಊರಿನ ಹೆಸರು ಹೇಳುತ್ತೇನೆ. ನೀವು ಕನ್ನಡ ಓದಲು ಕಲಿಯುವ ತನಕ ಈ ಹಾಳೆಗಳನ್ನು ಜೋಪಾನವಾಗಿಡಿ. ಜೋನ್‌ಗೂ ಓದಿ ಹೇಳಿ, ಆದರೆ ನೀವು ಓದಿದ ಮೇಲೆ.