ಬೀಗರ ಪದದಲ್ಲಿ ಬಿಟ್ಟುಹೋದ ಹೆಸರು

ನಮ್ಮತ್ತೆ ಬೈರಮ್ಮ ಹುಟ್ಟಿದ್ದು ಶೀಳನೆರೆಯಲ್ಲಿ. ಗದ್ದೆಯಲ್ಲಿ ನಾಟಿ ಹಾಕುವಾಗ ತಮ್ಮ ಅವ್ವನ ದನಿಗೆ ದನಿಗೂಡಿಸುತ್ತಾ ಸೋಬಾನೆ ಕಲಿತವರು. ಚಿನಕುರಳಿ ಕಡೆಯ ನಮ್ಮೂರಿಗೆ ಸೊಸೆಯಾಗಿ ಬಂದ ಮೇಲೆ ಗೆಳತಿಯರನ್ನು ಕಟ್ಟಿಕೊಂಡು ನಾಗಮಂಗಲ, ಕೆ.ಆರ್. ಪೇಟೆ ಅಂತ ಮದುವೆ ಮನೆಗಳಲ್ಲಿ, ಆಮೇಲೆ ವೇದಿಕೆಗಳಲ್ಲೂ ಹಾಡಿದರು. ಮಾವ ಚಿಕ್ಕಸ್ವಾಮಿ ಪಂಚಾಯ್ತಿ ಅಧ್ಯಕ್ಷರಾದಾಗ ಹೋದಲ್ಲೆಲ್ಲ ಅತ್ತೆಗೆ ಮುಂದಿನ ಸಾಲಿನ ಕುರ್ಚಿ.

"ಕುರ್ಚಿ ಮೇಲೆ ಕುಂತ್ರೆ ಗಂಟ್ಲು ಏಳಕ್ಕಿಲ್ಲ ಕಣವ್ವ" ಎಂದು ಅತ್ತೆ ಚಾಪೆಗೇ ಇಳಿಯುತ್ತಿದ್ದರು.

ಹೋದ ವರ್ಷ ಅತ್ತೆಯ ತಂಗಿ ಮಗಳು ಮೇಘನಳ ಮದುವೆ ಪಾಂಡವಪುರದ ಛತ್ರದಲ್ಲಿ ಆಯಿತು. ಗಂಡಿನ ಅಪ್ಪ ದ್ಯಾವಯ್ಯ ನಮ್ಮೂರಿನವರೇ, ಚುನಾವಣೆಯಲ್ಲಿ ಮಾವನ ಎದುರಾಳಿ. ಹೆಣ್ಣಿನ ಕಡೆಯವರು ಬೀಗರನ್ನು ಹೆಸರು ಹಿಡಿದು ಆಡಿಕೊಂಡು ಹಾಡುವುದು ನಮ್ಮಲ್ಲಿ ರೂಢಿ. ಮಾವ ಹಿಂದಿನ ದಿನವೇ ಗೋಗರೆದಿದ್ದರು:

"ಎಲೆಕ್ಷನ್ ಹತ್ರ ಬಂತು ಕಣೆ. ದ್ಯಾವಯ್ಯನ ಸುದ್ದಿಗೆ ಮಾತ್ರ ಓಗ್ಬ್ಯಾಡ. ನಾನೇ ಏಳಿ ಬೈಸ್ದೆ ಅಂತಾರೆ."

ಅತ್ತೆ ಮಾತು ಉಳಿಸಿಕೊಂಡರು. ಗಂಡಿನ ಸೋದರಮಾವನ ಬೋಳುತಲೆ, ಚಿಕ್ಕಮ್ಮನ ಗೊರಕೆ, ಒಂದನ್ನೂ ಬಿಡಲಿಲ್ಲ. ದ್ಯಾವಯ್ಯನ ಹೆಸರು ಮಾತ್ರ ಬರಲಿಲ್ಲ. ಶಲ್ಯ ಸರಿಮಾಡಿಕೊಂಡು ಮುಂದೆಯೇ ಕೂತಿದ್ದ ಅವರು ಪದ ಮುಗಿದಾಗ ಎದ್ದುಬಿಟ್ಟರು.

"ನಾಯಿ ನರಿಗೆಲ್ಲ ಪದ ಕಟ್ಟಿದ್ರಿ. ನಾನು ಬೀಗ ಅಲ್ವಾ? ನಿಮ್ಮ ಊಟ ನಂಗೆ ಬ್ಯಾಡ ಬುಡಿ."

ಗಂಡಿನಪ್ಪ ಎಲೆಯ ಮುಂದೆ ಕೂರದಿದ್ದರೆ ಉಳಿದವರು ಹೇಗೆ ಕೂತಾರು? ಮೇಘನಳ ಕಣ್ಣು ತುಂಬಿತು. ಮಾವ ನೆಲ ನೋಡಿದರು. ಅತ್ತೆ ನನ್ನ ತೊಡೆಯ ಮೇಲಿದ್ದ ಮಗಳು ಅಕ್ಷಿತಾಳ ಕೈಯಿಂದ ತಮ್ಮ ಸೆರಗು ಬಿಡಿಸಿಕೊಂಡು, ನಿಂತಲ್ಲೇ ದನಿ ಎತ್ತಿದರು:

"ಮೀಸೆಗೆ ಬಣ್ಣ ಬಳ್ಕೊಂಡ ಬೀಗ ಬಂದವ್ನೆ
ಬೆವರಿಳ್ದು ಗಲ್ಲಾನೂ ಕರಿ ಮಾಡ್ಕೊಂಡವ್ನೆ
ಎಣ್ಣು ಕೇಳಾಕೆ ಬಂದ್ನೋ ಓಟು ಕೇಳಾಕೆ ಬಂದ್ನೋ
ಎಲ್ರಿಗೂ ಕೈ ಮುಗ್ದು ಅಲ್ಲು ಕಿಸ್ದವ್ನೆ!"

ಛತ್ರವೇ ನಕ್ಕಿತು. ದ್ಯಾವಯ್ಯ ಗಲ್ಲ ಒರೆಸಿಕೊಂಡರು. ಶಲ್ಯಕ್ಕೆ ನಿಜಕ್ಕೂ ಕಪ್ಪು ಹತ್ತಿತ್ತು!

"ನನ್ನೊಬ್ಬನ್ಗೇನಾ? ನಿಮ್ಮ ಅಧ್ಯಕ್ಷಂಗಿಲ್ವಾ ತಾಯಿ?" ಎಂದರು.

"ನಾವು ಎಣ್ಣಿನ ಕಡೆಯೋರು, ಪದ್ದತಿ ಇಲ್ಲ" ಎಂದು ಮಾವ ತೊದಲುವಷ್ಟರಲ್ಲಿ ಅತ್ತೆ ಶುರುಮಾಡಿಯಾಗಿತ್ತು:

"ಊರಿಗೆಲ್ಲ ನಲ್ಲಿ ಆಕ್ಸಿ ಮೆರ್ದ ನಮ್ಮ ಯಜಮಾನ
ಮನೆ ನಲ್ಲಿ ಸೋರ್ತಾ ಅದೆ ಮರ್ತೇಬುಟ್ಟವ್ನೆ!"

ದ್ಯಾವಯ್ಯ ಮಾವನ ಕೈ ಹಿಡಿದು ಊಟದ ಸಾಲಿಗೆ ಎಳೆದುಕೊಂಡು ಹೋದರು. ಇಬ್ಬರೂ ಅಕ್ಕಪಕ್ಕದ ಎಲೆಯಲ್ಲೇ ಉಂಡರು.

ಅತ್ತೆಯ ಹಾಡಿಗೆ ಮಾವ ಮತ್ತೆ ಬೇಲಿ ಹಾಕಲಿಲ್ಲ. ಮಾರನೆಯ ದಿನ ಸ್ಪ್ಯಾನರ್ ಹಿಡಿದು ಬಚ್ಚಲಿಗೆ ಹೋದರು. ನಲ್ಲಿ ಈಗ ಸೋರುವುದಿಲ್ಲ. ಆದರೂ ಅಕ್ಷಿತಾಳಿಗೆ ತುತ್ತಿಡುವಾಗ ಅತ್ತೆ ಹಾಡುವುದು ಅದೇ ಪದ.