ಅಕ್ಕ ಇನ್ನೂ ಬೆಳೆಯುತ್ತಿದ್ದಾಳೆ

"ಅವ್ವನ್ನ ನೋಡ್ತೀಯೇನು ಮಾಮ?" ಅಂದಳು ಶಾರದಾ.

ಅವಳ ಅವ್ವ ಅಂದರೆ ನನ್ನ ಅಕ್ಕ ಈರಮ್ಮ. ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಪೆದ್ದಕಡುಬೂರಿನ ಹೊಲದಲ್ಲಿ ಮಣ್ಣು ಮಾಡಿದಾಗ ಮೂರು ಹಿಡಿ ಮಣ್ಣು ಹಾಕಿದವನು ನಾನೇ. ಮೈ ಜುಮ್ಮೆನ್ನದೆ ಇರುತ್ತದೆಯೇ?

ಶಾರದಾ ಹೈದರಾಬಾದಿನ ಒಂದು ಲ್ಯಾಬಿನಲ್ಲಿ ಸಂಶೋಧಕಿ. ಹೋದ ತಿಂಗಳು ಆ ಕಡೆ ಹೋದವನು ಮಾತಾಡಿಸಿ ಬರೋಣ ಅಂತ ಹೊಕ್ಕಿದ್ದೆ. ಮಟಮಟ ಮಧ್ಯಾಹ್ನ. ಫ್ರಿಜ್ಜಿನಂಥ ಪೆಟ್ಟಿಗೆಯ ಬಾಗಿಲು ತೆಗೆದಳು. ಬೆಚ್ಚನೆ ಗಾಳಿ ಮುಖಕ್ಕೆ ಬಡಿಯಿತು. (ತಂಪು ಗಾಳಿಗೆ ಕಾಯುತ್ತಿದ್ದ ಮುಖಕ್ಕೆ!)

"ಮೈಕಾವು ಎಷ್ಟಿರ್ತೈತೋ ಅಷ್ಟೇ ಇಟ್ಟೀವಿ" ಅಂದಳು.

ಒಳಗೆ ಅಂಗೈಯಗಲದ ತಟ್ಟೆಗಳು. ಮೇಲೆ ಹೆಸರಿಲ್ಲ, ನಂಬರ್ ಮಾತ್ರ.

ಅಕ್ಕನಿಗೆ ಮದುವೆಯಾದ ಮೇಲೆ ಕಣ್ಣು ಮಬ್ಬಾಗುತ್ತಾ ಬಂದು ಪೂರ್ತಿ ಹೋಗಿತ್ತು. ಮನೆತನದ ಕಾಯಿಲೆ. ಕುರಿಗಳನ್ನು ಕಿವಿ ಮುಟ್ಟಿ ಗುರುತು ಹಿಡಿಯುತ್ತಿದ್ದಳು. ಮಗಳು ಕೇಳಿದ್ದಕ್ಕೆ ತೋಳಿನ ಚರ್ಮದ ಚೂರು ಕೊಟ್ಟು, ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಆ ಚೂರಿನ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಈ ತಟ್ಟೆಗಳಲ್ಲಿ ಬೆಳೆಯುತ್ತಲೇ ಇವೆ. ಹೆಬ್ಬೆಟ್ಟು ಒತ್ತುವಾಗ ಎಷ್ಟು ದಿನಕ್ಕೆ ಅಂತ ಯಾರಾದರೂ ಕೇಳುತ್ತೇವೆಯೇ?

ಶಾರದಾಳ ಕೆಲಸ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಬ್ಯಾಕ್ಟೀರಿಯಾಗಳಿಗೆ ಗಂಟುಬೀಳುವ ವೈರಸ್ಸುಗಳ ಹತ್ತಿರ ರೀಕಾಂಬಿನೇಸ್ ಅನ್ನುವ ಪ್ರೋಟೀನ್ ಇರುತ್ತದಂತೆ. ಡಿಎನ್‌ಎ ಒಳಗೆ ತನಗೆ ಗೊತ್ತಿರುವ ಒಂದು ವಿಳಾಸ ಹುಡುಕುತ್ತದೆ. ಅಲ್ಲೇ ಕತ್ತರಿಸಿ, ಹೊಸ ತುಂಡು ಸೇರಿಸಿ, ತಾನೇ ಹೊಲಿದುಬಿಡುತ್ತದೆ. ಮನುಷ್ಯರ ಡಿಎನ್‌ಎಯ ವಿಳಾಸ ಅದಕ್ಕೆ ಸರಿಯಾಗಿ ಗೊತ್ತಿಲ್ಲ. ಗೊತ್ತಾಗುವ ಹಾಗೆ ಅದನ್ನು ತಿದ್ದಬೇಕು. ಆಮೇಲೆ ಕೆಟ್ಟುಹೋದ ಜೀನ್ ಮಾಡಬೇಕಿದ್ದ ಕೆಲಸಕ್ಕೆ ಒಳ್ಳೆಯದನ್ನು ಇಡಿಯಾಗಿ ಸೇರಿಸಬಹುದು.

ಆ ಜೀವಕೋಶಗಳ ಇಡೀ ದಿನದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಓಡಿಸಿದಳು. ಕಪ್ಪು ಪರದೆ. ಅಲ್ಲಲ್ಲಿ ಹಸಿರು ಹೊಳಪು. ಹಸಿರು ಅಂದರೆ ಹೊಸ ತುಂಡು ಸೇರಿದೆ ಅಂತ. ಒಂದು ಹೊಳಪು ತೆವಳಿತು, ದುಂಡಗಾಯಿತು, ನಡು ಸಣ್ಣಗಾಗಿ ಎರಡಾಯಿತು. ಅಕ್ಕ!

"ತಪ್ಪು ಜಾಗಕ್ಕ ಸೇರಿದ್ರ?" ಅಂದೆ.

"ಆ ತಟ್ಟಿಗೆ ಬ್ಲೀಚ್ ಹಾಕಿ ಸಾಯಿಸ್ತೀನಿ." ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಮೊದಲ್ನೇ ಸಲ ಎಲ್ಡು ದಿನ ಊಟ ಸೇರ್ಲಿಲ್ಲ ಮಾಮ."

"ಬ್ಯಾರೇರ ಕೈಲಿ ಮಾಡಸವ್ವ."

"ಮಾಡಸಬೋದು. ಆದ್ರ ತಡ ಆಗ್ತೈತಿ, ಈಗೀಗ ನನಗೂ ಸಂಜಿ ಆದ್ರ ಮಬ್ಬ ಕಾಣ್ತೈತಿ. ಅಪ್ಪಗ ಹೇಳಬ್ಯಾಡ."

ಅವಳ ತಲೆ ಸವರಿ ಬಂದೆ.

ಮೊನ್ನೆ ಅಕ್ಕನ ವರ್ಷದ ಕಾರ್ಯ. ಆದೋನಿಯಲ್ಲಿ ಬಸ್ ಬದಲಿಸಿ ಪೆದ್ದಕಡುಬೂರಿಗೆ ಹೋದೆ. ಭಾವ ಹನುಮಂತಪ್ಪನವರಿಗೆ ಲ್ಯಾಬಿನಲ್ಲಿ ಕಂಡದ್ದನ್ನು ಹೇಳಿದೆ. ಮಬ್ಬಿನ ಮಾತು ನುಂಗಿಕೊಂಡೆ.

"ನಿಜಂಗಾ?" ಅಂದರು ಭಾವ. ಗಾಬರಿಯಾದರೆ ಅವರಿಗೆ ತೆಲುಗೇ ಬರುತ್ತದೆ.

ಅಷ್ಟರಲ್ಲಿ ಶಾರದಾಳ ಫೋನ್. ಕಾರ್ಯಕ್ಕೆ ಬರಲಾಗಲಿಲ್ಲ ಅಂತ ಅತ್ತಳು. ಆಮೇಲೆ ಮೂಗೊರೆಸಿಕೊಂಡು, "ಮಾಮ, ಈ ಸಲ ಒಂದು ತಟ್ಟ್ಯಾಗ ಹೊಸ ತುಂಡು ಸರಿಯಾದ ಜಾಗಕ್ಕೇ ಕುಂತೈತಿ" ಅಂದಳು. ಔಷಧಿ ಆಗಲು ಇನ್ನೂ ಎಷ್ಟು ವರ್ಷವೋ, ಆಗುತ್ತದೋ ಇಲ್ಲವೋ. ಅವಳ ಕಣ್ಣು ಅಲ್ಲಿಯವರೆಗೆ ಕಾಯುತ್ತದೆಯೇ?

ಭಾವ ಫೋನ್ ಇಸಿದುಕೊಂಡರು. "ನಿಮ್ಮವ್ವಗ ನೋವಾಗ್ತೈತೇನು?"

"ಇಲ್ಲಪ್ಪ, ಅವಕ್ಕ ನೋವು ಗೊತ್ತಾಗಂಗಿಲ್ಲ."

ಭಾವ ಫೋನ್ ಕೆಳಗಿಟ್ಟರು. ಅಕ್ಕನ ಫೋಟೋ ಮುಂದೆ ಎಡೆಯ ಎಲೆ ಹಾಸಿತ್ತು. ಬಡಿಸಲೆಂದು ಎತ್ತಿದ ಅನ್ನದ ಸೌಟು ಕೈಯಲ್ಲೇ ನಿಂತುಬಿಟ್ಟಿತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಆಕಿ ಅಲ್ಲಿ ಇನ್ನಾ ಬೆಳೀತಾ ಅದಾಳಂದ್ರ, ಇಲ್ಲಿ ಯಾರಿಗಿಡ್ಲಿ ಎಡಿ?"